ಬ್ಯಾಟರಿ ಇಳಿದ ಮೋಟಾರು, ನೆರವಿಗೆ ಬಂದ ಟ್ರ್ಯಾಕ್ಟರು

ಮನೆಯ ಅಂಗಳದಲ್ಲಿ ಮೋಟಾರು ನಿಲ್ಲಿಸಿಕೊಳ್ಳುವುದು ರಾಯಚೂರು ಸೀಮೆಯಲ್ಲಿ ಒಂದು ಕಾಲಕ್ಕೆ ಜಾಗೀರದಾರರಿಗೂ ದೊಡ್ಡ ಸಾಹುಕಾರರಿಗೂ ಮಾತ್ರವೇ ಒದಗಿದ ವೈಭವವಾಗಿದ್ದಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತಿತು. ಮುಂದೆ ಎಡದಂಡೆಯ ಕಾಲುವೆಯು ಸಿಂಧನೂರಿನ ಎರೆಭೂಮಿಗೆ ಆ ನೀರನ್ನು ತಂದಿತು. ಜೋಳ ಹತ್ತಿಗಳಿದ್ದಲ್ಲಿ ಬತ್ತದ ಗದ್ದೆಗಳೂ, ಗದ್ದೆಗಳ ನಡುವೆ ಕ್ಯಾಂಪುಗಳೂ, ಕ್ಯಾಂಪುಗಳ ಬೆನ್ನಿಗೆ ಅಕ್ಕಿಯ ಗಿರಣಿಗಳೂ ಹುಟ್ಟಿದವು. ಅವುಗಳ ಹಿಂದೆಯೇ ಟ್ರ್ಯಾಕ್ಟರು ಬಂದಿತು. ಟ್ರ್ಯಾಕ್ಟರಿನ ಹಿಂದೆ ಕಾರೂ ಬಂದಿತು. ಈಗ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಉಪಾಧ್ಯಾಯರೂ ಅಂಗಡಿಕಾರರೂ ಕಾರಿನ ಒಡೆಯರಾಗಿದ್ದಾರೆ. ಎಣ್ಣೆ ಹಾಕಿಸುವುದನ್ನೂ ಗಾಳಿ ತುಂಬಿಸುವುದನ್ನೂ ಎಲ್ಲರೂ ಬಲ್ಲರು. ಆದರೆ ಬಾನೆಟ್ಟಿನ ಕೆಳಗೆ ಕುಳಿತಿರುವ ಬ್ಯಾಟರಿಯೆಂಬ ಭಾರವಾದ ಪೆಟ್ಟಿಗೆಯ ನೆನಪು, ಅದು ಒಂದು ದಿನ ಮೂಕವಾಗುವ ತನಕ ಯಾರಿಗೂ ಬರುವುದಿಲ್ಲ.

ಅದು ಮೂಕವಾಗುವುದು ಬಹುಶಃ ಅವೇಳೆಯಲ್ಲಿಯೇ. ಮದುವೆ ಮುಗಿಸಿ ಹೆಂಗಸರು ಮಕ್ಕಳೊಡನೆ ಹೊರಟಾಗಲೋ, ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ನೋಡಿ ಇಳಿದು ಬಂದಾಗಲೋ, ಕೀಲಿಯನ್ನು ತಿರುಗಿಸಿದರೆ ಟಿಕ್ ಟಿಕ್ ಎಂಬ ಸದ್ದಲ್ಲದೆ ಬೇರೇನೂ ಕೇಳಿಸದು. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ 150ಎ ಹೆದ್ದಾರಿಯ ಈ ಭಾಗವು ಐವತ್ತು ಕಿಲೋಮೀಟರಿಗೆ ಸ್ವಲ್ಪ ಮಿಗಿಲಾದ ಹಾದಿ. ಊರುಗಳ ನಡುವೆ ಗಾಡಿ ನಿಂತರೆ ಮಿಸ್ತ್ರಿ ಕೂಡಲೇ ಸಿಕ್ಕುವನೆಂಬ ಭರವಸೆಯಿಲ್ಲ. ಆದರೆ ಸಹಾಯಕ್ಕೆ ಕೊರತೆಯೂ ಇಲ್ಲ. ನಮ್ಮ ಕಡೆಯ ಜನರು ಕರೆಯದೆಯೇ ಬರುವವರು. "ಬ್ಯಾಟ್ರಿ ಡೌನ್ ಆಗ್ಯಾದೇನು? ತಡೀರಿ, ಟ್ರ್ಯಾಕ್ಟರ್ ತರ್ತೀನಿ" ಎಂದು ಹೊಲದ ಕಡೆಯಿಂದ ಒಬ್ಬನು ಕೂಗುವನು; ಲಾರಿಯವನೊಬ್ಬನು ನಿಲ್ಲಿಸಿ ತನ್ನ ವಯರುಗಳನ್ನು ಹುಡುಕುವನು. ಈ ಉಪಕಾರವು ದೊಡ್ಡದು. ಆದರೆ ಅವಸರದಲ್ಲಿ ಮಾಡಿದರೆ ಉಪಕಾರಕ್ಕೆ ಬಂದವನ ಕಣ್ಣೇ ಹೋಗಬಹುದಾದ ಕೆಲಸವಿದು. ಆ ಹೊತ್ತಿನಲ್ಲಿ ಗಾಡಿಯ ಒಡೆಯನಾದ ಗೃಹಸ್ಥನಿಗೆ, ಅಥವಾ ಗೃಹಿಣಿಗೆ, "ಸ್ವಲ್ಪ ನಿಲ್ಲಿರಿ" ಎಂದು ಹೇಳುವಷ್ಟು ತಿಳುವಳಿಕೆ ಇರಬೇಕು. ಅದಕ್ಕಾಗಿಯೇ ಈ ಲೇಖನ.

ಬ್ಯಾಟರಿಯು ವಿದ್ಯುತ್ತನ್ನು ತುಂಬಿಟ್ಟ ಕೊಡವೆಂದು ಅನೇಕರು ತಿಳಿದಿದ್ದಾರೆ. ನಿಜವಾಗಿ ಅದು ಸೀಸದ ಫಲಕಗಳನ್ನು ನೀರು ಬೆರಸಿದ ಗಂಧಕಾಮ್ಲದಲ್ಲಿ ಮುಳುಗಿಸಿಟ್ಟ ಒಂದು ರಸಾಯನಶಾಲೆ. ಫ್ರಾನ್ಸ್ ದೇಶದ ಗ್ಯಾಸ್ಟನ್ ಪ್ಲಾಂಟೆ ಎಂಬ ವಿಜ್ಞಾನಿಯು 1859ರಲ್ಲಿ ಇದನ್ನು ಕಂಡುಹಿಡಿದನು. ಇಂದಿಗೂ ಬಹುತೇಕ ಕಾರುಗಳ ಸ್ಟಾರ್ಟರನ್ನು ತಿರುಗಿಸುವುದು ಆತನ ಆ ಸೀಸದ ಸಂತತಿಯೇ. ಒಳಗೆ ಆರು ಕೋಣೆಗಳು. ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಆದುದರಿಂದ ಪೂರ್ಣ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟನ್ನು ತೋರಿಸುವುದು. 12ಕ್ಕೆ ಇಳಿದರೆ ಬರಿದಾಗುತ್ತ ಬಂದಿತೆಂದೇ ಅರ್ಥ. ಎಂಜಿನ್ನನ್ನು ಮೊದಲ ಸುತ್ತು ತಿರುಗಿಸಲು ಸ್ಟಾರ್ಟರು, ನಮ್ಮ ಜನ ಸೆಲ್ಫ್ ಎನ್ನುವ ಆ ಮೋಟರು, ನೂರಕ್ಕೂ ಹೆಚ್ಚು ಆಂಪಿಯರನ್ನು ಕೇಳುವುದು. ಡೀಸಲ್ ಗಾಡಿಗೆ ಇನ್ನೂ ಹೆಚ್ಚು. ಒಂದೆರಡು ಸೆಕೆಂಡುಗಳಲ್ಲಿ ಇಷ್ಟನ್ನು ಕೊಡಬಲ್ಲ ಪೆಟ್ಟಿಗೆಯು ಸಾಧುಪ್ರಾಣಿಯಲ್ಲ. ಅಮೆರಿಕದ ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಮೋಟಾರಿನಲ್ಲಿ ಬರುವುದಕ್ಕೆ ಮುಂಚೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಾಗಿದ್ದಿತು; ಅದು ಹಿಂದಕ್ಕೆ ಒದ್ದು ಮುಂಗೈ ಮುರಿದವರು ಎಷ್ಟೋ ಮಂದಿ. ಆ ಕಷ್ಟವನ್ನು ಬ್ಯಾಟರಿಯು ತಪ್ಪಿಸಿತು, ತನ್ನದೇ ಆದ ಇನ್ನೊಂದು ಅಪಾಯವನ್ನು ತಂದಿತು.

ಬ್ಯಾಟರಿಯು ಇಳಿಯುವುದೇಕೆ? ಹೆಚ್ಚಾಗಿ ದೀಪವನ್ನು ಮರೆಯುವುದರಿಂದ. ಲೆಕ್ಕವನ್ನು ನೋಡಿರಿ: ಮುಂದಿನ ಎರಡು ದೊಡ್ಡ ದೀಪಗಳು ಒಟ್ಟಿಗೆ ಸುಮಾರು 120 ವಾಟ್, 12 ವೋಲ್ಟಿನಿಂದ ಭಾಗಿಸಿದರೆ 10 ಆಂಪಿಯರ್. ಸಣ್ಣ ಕಾರಿನ ಬ್ಯಾಟರಿಯು 40 ಆಂಪಿಯರ್-ಗಂಟೆಯದಾದರೆ ನಾಲ್ಕು ಗಂಟೆಗಳಲ್ಲಿ ಬರಿದು. ಗಾಡಿ ಎತ್ತುವ ಶಕ್ತಿಯಂತೂ ಅದಕ್ಕಿಂತ ಬಹಳ ಮೊದಲೇ ಹೋಗಿರುವುದು. ಮದುವೆಯ ಊಟಕ್ಕೆ ಕುಳಿತು ಏಳುವಷ್ಟರಲ್ಲಿ ಆಗುವ ಕಥೆಯಿದು. ಒಳಗಿನ ಪುಟ್ಟ ದೀಪವು ಅಷ್ಟು ಬೇಗ ಕೆಡಿಸದು. ಆದರೆ ಊರಿಗೆ ಹೋಗಿ ಮೂರು ದಿನ ಬಿಟ್ಟು ಬರುವಷ್ಟರಲ್ಲಿ ಅದೂ ತನ್ನ ಕೆಲಸವನ್ನು ಮುಗಿಸಿರುವುದು. ಇನ್ನೊಂದು ಶತ್ರು ನಮ್ಮ ಬಿಸಿಲು. ಬ್ಯಾಟರಿಯನ್ನು ಕೊಲ್ಲುವುದು ಚಳಿಯೆಂದು ಶೀತದೇಶದವರು ಹೇಳುವರು. ಅವರ ಅನುಭವ ಅದು. ಚಳಿಯು ಬ್ಯಾಟರಿಯ ದುರ್ಬಲತೆಯನ್ನು ಬಯಲು ಮಾಡುವುದು, ದುರ್ಬಲ ಮಾಡುವುದು ಸೆಕೆಯೇ. ಉಷ್ಣವು ಒಳಗಿನ ನೀರನ್ನು ಹೀರುವುದು, ಫಲಕಗಳನ್ನು ಬೇಗ ಸವೆಯಿಸುವುದು. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ರಾಯಚೂರು ಜಿಲ್ಲೆಯಲ್ಲಿ ಬಯಲಲ್ಲಿ ನಿಲ್ಲುವ ಕಾರಿನ ಬ್ಯಾಟರಿ ನಾಲ್ಕು ವರ್ಷ ಬಾಳಿದರೆ ಅದರ ಪುಣ್ಯವೆನ್ನಬೇಕು.

ಯಾರನ್ನಾದರೂ ಕರೆಯುವುದಕ್ಕೆ ಮೊದಲು ನೋಡಬೇಕಾದದ್ದೊಂದು ಉಂಟು. ಬ್ಯಾಟರಿಯ ತಲೆಯ ಮೇಲೆ ಎರಡು ಸೀಸದ ಕಂಬಗಳಿರುತ್ತವೆ: ಕೂಡುವ ಚಿಹ್ನೆಯದು ಧನಾಗ್ರ, ಕಳೆಯುವ ಚಿಹ್ನೆಯದು ಋಣಾಗ್ರ. ಇವುಗಳ ಮೇಲೆ ಬಿಳಿಯದೋ ನೀಲಿಯದೋ ಹುಡಿ ಕಟ್ಟಿದ್ದರೆ, ಅಥವಾ ಹಿಡಿಗಳು ಸಡಿಲವಾಗಿದ್ದರೆ, ಒಳಗೆ ಶಕ್ತಿಯಿದ್ದರೂ ಹೊರಗೆ ಬಾರದು. ಹಿಡಿಯನ್ನು ಬಿಗಿ ಮಾಡಿದ ಮಾತ್ರಕ್ಕೆ ಎದ್ದ ಗಾಡಿಗಳು ಬಹಳ. ಹುಡಿಯನ್ನು ಬಿಡುವಿನಲ್ಲಿ, ಎಂಜಿನ್ ನಿಲ್ಲಿಸಿ, ಅಡಿಗೆ ಸೋಡಾ ಕರಗಿಸಿದ ನೀರಿನಿಂದ ತೊಳೆದು ಒರಸಬಹುದು. ಸೋಡಾ ಆಮ್ಲವನ್ನು ಶಮನ ಮಾಡುವುದು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಿರಲಿ, ಕೈಯಿಂದ ಕಣ್ಣನ್ನು ಮುಟ್ಟದಿರಿ. ಇದೇ ಹೊತ್ತಿಗೆ ಪೆಟ್ಟಿಗೆಯನ್ನೂ ಪರೀಕ್ಷಿಸಬೇಕು. ಅದು ಬಿರಿದಿದ್ದರೆ, ಉಬ್ಬಿದ್ದರೆ, ಒಸರುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಯಾವ ವಯರನ್ನೂ ಜೋಡಿಸಕೂಡದು. ಅಂಥ ಬ್ಯಾಟರಿಯನ್ನು ಬದಲಾಯಿಸುವುದೊಂದೇ ದಾರಿ.

ಅಪಾಯದ ಮೂಲಕ್ಕೆ ಬರೋಣ. ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿರುವಾಗ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕಗಳೆಂಬ ಎರಡು ವಾಯುಗಳು ಹುಟ್ಟುವುವು. ಜಲಜನಕವು ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೂ ಕಿಡಿ ತಾಗಿದೊಡನೆ ಸಿಡಿಯುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬ್ಯಾಟರಿಯ ತಲೆಯ ಸುತ್ತಲೇ ಅದು ತಂಗಿರಬಹುದು. ಎರಡು ಗಾಡಿಗಳ ಬ್ಯಾಟರಿಗಳನ್ನು ವಯರುಗಳಿಂದ ಕೂಡಿಸುವಾಗ ಕೊನೆಯ ಕ್ಲಿಪ್ಪು ತಾಗುವ ಕ್ಷಣದಲ್ಲಿ ಕಿಡಿ ಹಾರುವುದು ಸಹಜ, ಅದನ್ನು ತಪ್ಪಿಸಲಾಗದು. ಆದರೆ ಆ ಕಿಡಿ ಎಲ್ಲಿ ಹಾರಬೇಕೆಂಬುದು ನಮ್ಮ ಕೈಯಲ್ಲಿದೆ. ಬ್ಯಾಟರಿಯ ತಲೆಯ ಮೇಲೆ ಹಾರಿದರೆ ಪೆಟ್ಟಿಗೆಯೇ ಒಡೆದು ಆಮ್ಲವೂ ಚೂರುಗಳೂ ಬಗ್ಗಿ ನೋಡುತ್ತಿರುವವನ ಮುಖಕ್ಕೆ ಚಿಮ್ಮುವ ಸಂಭವವುಂಟು. ಅಲ್ಲಿಂದ ದೂರವಾಗಿ ಎಂಜಿನ್ನಿನ ಕಬ್ಬಿಣದ ಮೇಲೆ ಹಾರಿದರೆ ಹಾರಿ ಆರುವುದು. ಮುಂದೆ ಹೇಳುವ ಕ್ರಮದ ಗುಟ್ಟೆಲ್ಲ ಇಷ್ಟೇ.

ಯಾವ ಗಾಡಿಯಿಂದ ನೆರವು ಪಡೆಯಬೇಕೆಂಬುದು ಮೊದಲ ವಿಚಾರ. ಕಾರಿನದು 12 ವೋಲ್ಟಿನ ಏರ್ಪಾಟು. ನೆರವಿನ ಗಾಡಿಯದೂ 12 ವೋಲ್ಟೇ ಆಗಿರಬೇಕು. ಇನ್ನೊಂದು ಕಾರು ಸಿಕ್ಕಿದರೆ ಉತ್ತಮ. ನಮ್ಮ ಟ್ರ್ಯಾಕ್ಟರುಗಳೂ ಸಾಮಾನ್ಯವಾಗಿ 12 ವೋಲ್ಟಿನವೇ. ಅವುಗಳ ಬ್ಯಾಟರಿಯು ಕಾರಿನದಕ್ಕಿಂತ ದೊಡ್ಡದಾಗಿರುವುದರಿಂದ ಕೆಲಸಕ್ಕೆ ಅನುಕೂಲವೇ. ಆದರೆ ದೊಡ್ಡ ಲಾರಿ, ಬಸ್ಸುಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಕೂಡಿಸಿ 24 ವೋಲ್ಟ್ ಮಾಡಿರುತ್ತಾರೆ. ಅದನ್ನು ಕಾರಿಗೆ ಕೊಟ್ಟರೆ ಕಾರಿನ ಒಳಗಿರುವ ಸಣ್ಣ ಗಣಕಯಂತ್ರಗಳು ಸುಟ್ಟುಹೋಗಬಹುದು, ಬ್ಯಾಟರಿಯು ಕುದಿದು ಸಿಡಿಯಬಹುದು. ಲಾರಿಯ ಎರಡರಲ್ಲಿ ಒಂದರಿಂದ ಮಾತ್ರ ತೆಗೆದುಕೊಳ್ಳುವೆವೆಂದು ಕೆಲವು ಚಾಲಕರು ಹೇಳುವರು. ಯಾವುದು ಯಾವುದಕ್ಕೆ ಸೇರಿದೆಯೆಂದು ಬಲ್ಲ ಮಿಸ್ತ್ರಿಯಲ್ಲದೆ ಬೇರೆಯವರು ಆ ಸಾಹಸಕ್ಕೆ ಕೈಹಾಕಬಾರದು. ಬ್ಯಾಟರಿಯ ಮೈಮೇಲೆ ವೋಲ್ಟ್ ಎಷ್ಟೆಂದು ಬರೆದಿರುವುದು. ಟಾರ್ಚಿನ ಬೆಳಕಿನಲ್ಲಿ ಓದಿರಿ. ಪಕ್ಕಪಕ್ಕದಲ್ಲಿ ಎರಡು ದೊಡ್ಡ ಪೆಟ್ಟಿಗೆಗಳು ಕಂಡರೆ, ಸಂದೇಹವಿದ್ದಾಗ ಬೇಡವೆನ್ನಿರಿ. ಒಳ್ಳೆಯ ಮನಸ್ಸಿನಿಂದ ನಿಲ್ಲಿಸಿದ ಲಾರಿಯವನಿಗೆ ಬೇಡವೆನ್ನುವುದು ಸಂಕೋಚದ ಮಾತೇ ಹೌದು. "ಅಣ್ಣಾ, ನಿಮ್ಮದು ಇಪ್ಪತ್ತನಾಲ್ಕು ವೋಲ್ಟು, ನಮ್ಮ ಗಾಡಿ ತಡೆಯದು" ಎಂದರೆ ಆತನು ತಿಳಿದುಕೊಳ್ಳುವನು. ವಿದ್ಯುತ್ ಕಾರುಗಳನ್ನೂ ಹೈಬ್ರಿಡ್ ಕಾರುಗಳನ್ನೂ, ಅವುಗಳ ಕೈಪಿಡಿಯು ಒಪ್ಪಿದ ಹೊರತು, ನೆರವು ಕೊಡಲು ಬಳಸಕೂಡದು.

ವಯರಿನ ಮಾತು. ಮನೆಯ ದೀಪದ ವಯರು, ಪಂಪುಸೆಟ್ಟಿನ ತುಂಡು ವಯರು ಈ ಕೆಲಸಕ್ಕೆ ನಡೆಯವು; ನೂರು ಆಂಪಿಯರ್ ಹರಿದರೆ ಅವು ಕಾದು ಹೊದಿಕೆ ಕರಗಿ ಕೈಯನ್ನು ಸುಡುವುವು. ದಪ್ಪ ತಾಮ್ರದ, ಗಟ್ಟಿ ಕ್ಲಿಪ್ಪುಗಳುಳ್ಳ, ಒಂದು ಕೆಂಪು ಒಂದು ಕಪ್ಪು ಬಣ್ಣದ ಜಂಪರ್ ಕೇಬಲ್ಲುಗಳನ್ನು ಕೊಂಡು ಡಿಕ್ಕಿಯಲ್ಲಿಡುವುದು ಕಾರುಳ್ಳ ಮನೆಗೆ ಕೊಡೆಯಷ್ಟೇ ಅವಶ್ಯ. ತೀರ ಅಗ್ಗದವುಗಳಲ್ಲಿ ದಪ್ಪವೆಲ್ಲ ರಬ್ಬರಿನದು, ತಾಮ್ರ ದಾರದಷ್ಟು. ಕೊಳ್ಳುವಾಗ ತುದಿಯನ್ನು ಬಿಡಿಸಿ ನೋಡಬೇಕು.

ಈಗ ಕೆಲಸಕ್ಕೆ. ಎರಡು ಗಾಡಿಗಳೂ ಹತ್ತಿರವಿರಲಿ, ಆದರೆ ಮೈ ತಾಗದಿರಲಿ. ಬಣವೆಯ ಮಗ್ಗುಲಲ್ಲಿ, ಒಣ ಹುಲ್ಲು ಹರಡಿದ ಕಣದಲ್ಲಿ ಮಾಡಬೇಡಿರಿ. ಎರಡರ ಕೈಬ್ರೇಕನ್ನೂ ಎಳೆದು, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೀಲಿಗಳನ್ನು ಆರಿಸಿ, ದೀಪ, ರೇಡಿಯೊ, ತಂಪುಯಂತ್ರಗಳನ್ನೆಲ್ಲ ನಿಲ್ಲಿಸಬೇಕು. ಬೀಡಿ ಹಚ್ಚಿದವರನ್ನು ದೂರ ಕಳುಹಿಸಬೇಕು. ಕತ್ತಲೆಯೆಂದು ಬೆಂಕಿಕಡ್ಡಿ ಗೀರಿ ಬಗ್ಗಿ ನೋಡುವ ಚಪಲ ಕೆಲವರಿಗುಂಟು, ಅವರನ್ನು ಇನ್ನೂ ದೂರ. ಮಕ್ಕಳು ಹತ್ತು ಹೆಜ್ಜೆ ಆಚೆ ನಿಲ್ಲಲಿ. ಕೆಲಸ ಮಾಡುವವರು ಉಂಗುರ, ಲೋಹದ ಬಳೆ, ಗಡಿಯಾರಗಳನ್ನು ತೆಗೆದಿಡಬೇಕು; ತಾಳಿಯ ಸರವನ್ನು ಸೆರಗಿನೊಳಗೆ ಭದ್ರಪಡಿಸಬೇಕು. ಎರಡು ಕಂಬಗಳ ನಡುವೆ ಲೋಹ ಅಡ್ಡಬಿದ್ದರೆ ಅದು ಕ್ಷಣದಲ್ಲಿ ಕೆಂಪಗೆ ಕಾಯುವುದು, ಬೆರಳಿನ ಸಹಿತವಾಗಿ. ಕನ್ನಡಕವಿದ್ದರೆ ಹಾಕಿಕೊಳ್ಳಿರಿ.

ಮೊದಲು ಕೆಂಪು ವಯರಿನ ಒಂದು ತುದಿಯನ್ನು ಇಳಿದ ಬ್ಯಾಟರಿಯ ಧನಾಗ್ರಕ್ಕೆ ಹಚ್ಚಬೇಕು. ಇಳಿದದ್ದಕ್ಕೇ ಏಕೆ ಮೊದಲೆಂದರೆ, ಕೈಯಲ್ಲಿರುವ ಇನ್ನೊಂದು ತುದಿಯು ಆ ಕಾರಿನ ಮೈಗೆ ಅಕಸ್ಮಾತ್ ತಾಗಿದರೂ ಬಲಹೀನ ಬ್ಯಾಟರಿಯು ಹೆಚ್ಚು ಹಾನಿ ಮಾಡಲಾರದು. ಬಳಿಕ ಆ ಇನ್ನೊಂದು ತುದಿಯನ್ನು, ಯಾವ ಕಬ್ಬಿಣಕ್ಕೂ ತಾಗಿಸದೆ, ನೆರವಿನ ಬ್ಯಾಟರಿಯ ಧನಾಗ್ರಕ್ಕೆ ಹಚ್ಚಬೇಕು. ಮೂರನೆಯದಾಗಿ ಕಪ್ಪು ವಯರಿನ ಒಂದು ತುದಿ ನೆರವಿನ ಬ್ಯಾಟರಿಯ ಋಣಾಗ್ರಕ್ಕೆ. ನಾಲ್ಕನೆಯ ತುದಿಯಲ್ಲಿ ಹತ್ತರಲ್ಲಿ ಎಂಟು ಮಂದಿ ತಪ್ಪುವರೆಂದು ನನ್ನ ಎಣಿಕೆ. ಅದನ್ನು ಇಳಿದ ಬ್ಯಾಟರಿಯ ಋಣಾಗ್ರಕ್ಕೆ ಹಚ್ಚುವುದು ನೋಡಲಿಕ್ಕೆ ನ್ಯಾಯವಾಗಿಯೇ ಕಾಣುವುದು, ಗಾಡಿಯೂ ಎದ್ದೀತು. ಆದರೆ ಆ ಕೊನೆಯ ಕಿಡಿಯು ಹಾರುವ ಸ್ಥಳ ಅದೇ ಆಗುವುದು. ಆದುದರಿಂದ ಕೊನೆಯ ತುದಿಯನ್ನು ನಿಂತ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಲೋಹಕ್ಕೆ, ಬ್ಯಾಟರಿಯಿಂದ ಒಂದು ಮೊಳವಾದರೂ ದೂರದಲ್ಲಿ, ಎಣ್ಣೆಯ ಕೊಳವೆಗಳ ಬಳಿಯಲ್ಲಲ್ಲದೆ, ಹಚ್ಚಬೇಕು. ಕಾರಿನ ಮೈಯೆಲ್ಲ ಋಣಾಗ್ರಕ್ಕೆ ಸೇರಿಯೇ ಇರುವುದರಿಂದ ಕೆಲಸ ಒಂದೇ. ಕೆಲವು ಕಾರುಗಳಲ್ಲಿ ಇದಕ್ಕೆಂದೇ ಒಂದು ಮೊಳೆಯಿರುವುದು. ಕೆಲವುಗಳಲ್ಲಿ ಬ್ಯಾಟರಿಯೇ ಹಿಂದೆ ಡಿಕ್ಕಿಯಲ್ಲಿದ್ದು ಮುಂದೆ ಜೋಡಣೆಯ ಸ್ಥಾನಗಳಿರುವುವು. ಕೈಪಿಡಿಯು ಹೇಳಿದ್ದೇ ಅಂತಿಮ. ಇಂಗ್ಲೆಂಡಿನ ಬಹಳ ಹಳೆಯ ಮೋಟಾರುಗಳಲ್ಲಿ ಧನಾಗ್ರವನ್ನೇ ಮೈಗೆ ಸೇರಿಸುವ ಪದ್ಧತಿಯಿದ್ದಿತು. ಹಿರಿಯರು ಉಳಿಸಿಕೊಂಡ ಅಂಥ ಗಾಡಿಯಿದ್ದರೆ ಈ ಕ್ರಮವು ಅದಕ್ಕೆ ಸಲ್ಲದು.

ಆಮೇಲೆ ನೆರವಿನ ಗಾಡಿಯನ್ನು ಚಾಲೂ ಮಾಡಿ ನಾಲ್ಕೈದು ನಿಮಿಷ ನಿಧಾನವಾಗಿ ಓಡಗೊಡಬೇಕು. ಟ್ರ್ಯಾಕ್ಟರನ್ನು ಜೋರಾಗಿ ಗುರುಗುಟ್ಟಿಸುವುದು ಬೇಡ. ಗದ್ದಲ ಹೆಚ್ಚಿದಂತೆ ಉಪಕಾರ ಹೆಚ್ಚುವುದಿಲ್ಲ. ಬಳಿಕ ಕಾರಿನ ಕೀಲಿಯನ್ನು ಐದು ಸೆಕೆಂಡಿಗೆ ಮೀರದೆ ತಿರುಗಿಸಬೇಕು. ಏಳದಿದ್ದರೆ ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ. ಮೂರು ನಾಲ್ಕು ಸಲಕ್ಕೂ ಏಳದಿದ್ದರೆ ರೋಗವು ಬೇರೆ, ಅಲ್ಲಿಗೆ ಕೈಬಿಡಬೇಕು. ಎದ್ದರೆ ಕಾರಿನ ಒಳಗಿನ ಫ್ಯಾನನ್ನು ಹಾಕಿ, ಹಚ್ಚಿದ ಕ್ರಮಕ್ಕೆ ನೇರ ವಿರುದ್ಧವಾಗಿ ಬಿಚ್ಚಬೇಕು: ಎಂಜಿನ್ನಿನ ಮೇಲಿನ ಕಪ್ಪು ಮೊದಲು, ನೆರವಿನ ಕಪ್ಪು ಆಮೇಲೆ, ನೆರವಿನ ಕೆಂಪು, ಕೊನೆಗೆ ಕಾರಿನ ಕೆಂಪು. ಬಿಚ್ಚುವ ಸಡಗರದಲ್ಲಿ ಕ್ಲಿಪ್ಪುಗಳು ಒಂದಕ್ಕೊಂದು ತಾಗದಂತೆ, ವಯರು ಫ್ಯಾನಿನ ಪಟ್ಟಿಗೆ ಸಿಕ್ಕದಂತೆ ನೋಡಿಕೊಳ್ಳಬೇಕು. ಸೀರೆಯ ಸೆರಗಿಗೂ ಹೆಗಲ ಟವೆಲಿಗೂ ಇದೇ ಎಚ್ಚರಿಕೆ.

ಟ್ರ್ಯಾಕ್ಟರಿನವರಿಗೆ ಒಂದು ಮಾತನ್ನು ಬೇರೆಯಾಗಿಯೇ ಹೇಳಬೇಕು. ಟ್ರ್ಯಾಕ್ಟರಿನ ಸ್ವಂತ ಬ್ಯಾಟರಿ ಇಳಿದಾಗ, ಅಥವಾ ಕೀಲಿ ಕೆಟ್ಟಾಗ, ನೆಲದ ಮೇಲೆ ನಿಂತು ಸ್ಟಾರ್ಟರಿನ ಎರಡು ಮೊಳೆಗಳಿಗೆ ಪಾನವನ್ನೋ ಸ್ಕ್ರೂಡ್ರೈವರನ್ನೋ ಅಡ್ಡಹಿಡಿದು ಎಬ್ಬಿಸುವ ರೂಢಿ ಹೊಲಗಳಲ್ಲಿದೆ. ಗೇರಿನಲ್ಲಿದ್ದರೆ ಸೆಲ್ಫ್ ಎತ್ತದಂತೆ ತಯಾರಕರು ಇಟ್ಟ ತಡೆಯನ್ನು ಈ ಉಪಾಯವು ದಾಟಿಬಿಡುವುದು. ಗೇರಿನಲ್ಲಿದ್ದ ಟ್ರ್ಯಾಕ್ಟರು ಎದ್ದ ಕ್ಷಣವೇ ಮುಂದೆ ಸಾಗುವುದು. ಎಬ್ಬಿಸಿದವನು ನಿಂತಿರುವುದು ಹಿಂದಿನ ದೊಡ್ಡ ಚಕ್ರದ ಮುಂದೆಯೇ. ಲೋಕದ ಎಲ್ಲ ಬೇಸಾಯದ ನಾಡುಗಳಲ್ಲಿಯೂ ಈ ಒಂದು ಚಾಳಿಗೆ ಜೀವಗಳು ಹೋಗಿವೆ. ಟ್ರ್ಯಾಕ್ಟರನ್ನು ಅದರ ಆಸನದ ಮೇಲೆ ಕುಳಿತೇ ಎಬ್ಬಿಸಬೇಕು.

ವಯರೇ ಇಲ್ಲದಾಗ ದಬ್ಬುವುದು ನಮ್ಮ ಹಳೆಯ ಪದ್ಧತಿ. ಕ್ಲಚ್ಚಿರುವ ಗಾಡಿಗೆ ಅದು ಒಂದು ಮಟ್ಟಿಗೆ ಸರಿ. ತಾನೇ ಗೇರು ಬದಲಿಸುವ ಗಾಡಿಗಳನ್ನು ಎಷ್ಟು ದಬ್ಬಿದರೂ ಬೆವರೇ ಲಾಭ. ಎಂಜಿನ್ ಆರಿರುವಾಗ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗಿರುವುವೆಂಬುದನ್ನು ಮರೆತು ಹೆದ್ದಾರಿಯಲ್ಲಿ ದಬ್ಬುವುದಂತೂ ಕೂಡದು. ಈಚೆಗೆ ಇಟ್ಟಿಗೆಯಷ್ಟು ಗಾತ್ರದ ಲಿಥಿಯಂ ಪೆಟ್ಟಿಗೆಗಳು ಬಂದಿವೆ. ಇನ್ನೊಂದು ಗಾಡಿಯ ಹಂಗಿಲ್ಲದೆ ಕಾರನ್ನು ಎಬ್ಬಿಸುವುವು. ಒಳ್ಳೆಯ ಸಾಧನ. ಆದರೆ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಅದನ್ನು ಬಿಟ್ಟು ಹೋಗಬಾರದು. ಅದಕ್ಕೆ ಸೆಕೆ ಆಗದು. ಅಮೆರಿಕ, ಕೆನಡಾಗಳ ಚಳಿಯಲ್ಲಿರುವ ನಮ್ಮ ಮಕ್ಕಳಿಗೆ ಕಾಗದದಲ್ಲಿ ಬರೆಯಬೇಕಾದದ್ದು ಬೇರೆ: ಬರಿದಾದ ಬ್ಯಾಟರಿ ಅಲ್ಲಿ ಹೆಪ್ಪುಗಟ್ಟುವುದುಂಟು, ಹೆಪ್ಪುಗಟ್ಟಿದ್ದಕ್ಕೆ ವಯರು ಹಚ್ಚಲೇಕೂಡದು.

ಎಷ್ಟು ಎಚ್ಚರಿಕೆಯಿದ್ದರೂ ಆಮ್ಲವು ಸಿಡಿದರೆ ತಡಮಾಡದೆ ನೀರು. ಕಣ್ಣಿಗೆ ಬಿದ್ದಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಶುದ್ಧ ನೀರನ್ನು ಎಡೆಬಿಡದೆ ಹದಿನೈದು ನಿಮಿಷವಾದರೂ ಹೊಯ್ಯಬೇಕು, ಅನಂತರ ಕೂಡಲೇ ವೈದ್ಯರಲ್ಲಿಗೆ. 108ಕ್ಕೆ ಕರೆ ಮಾಡುವವರು ಒಬ್ಬರು, ನೀರು ಹೊಯ್ಯುವವರು ಇನ್ನೊಬ್ಬರು. ಕಣ್ಣಿಗೆ ಸೋಡಾ, ಹಾಲು, ಹರಳೆಣ್ಣೆಗಳನ್ನು ಹಾಕುವುದು ಸಲ್ಲದು. ಕಾರಿನಲ್ಲಿ ಕುಡಿಯುವ ನೀರಿನ ದೊಡ್ಡ ಬಾಟಲಿಯಿರಲಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ.

ಗಾಡಿ ಎದ್ದಿತೆಂದು ಐದು ನಿಮಿಷದ ಹಾದಿಯ ಅಂಗಡಿಗೆ ಹೋಗಿ ಆರಿಸಿದರೆ ಮತ್ತೆ ಅದೇ ಕಥೆ. ಮಸ್ಕಿಯಲ್ಲಿ ಎದ್ದ ಕಾರು ಲಿಂಗಸುಗೂರನ್ನೋ ಸಿಂಧನೂರನ್ನೋ ಮುಟ್ಟುವ ತನಕ, ಅರ್ಧ ಗಂಟೆಗೆ ಕಡಿಮೆಯಿಲ್ಲದೆ, ನಿಲ್ಲಿಸದೆ ಓಡಲಿ. ಓಡುವಾಗ ಬ್ಯಾಟರಿಗೆ ಸುಮಾರು 14 ವೋಲ್ಟ್ ಸಿಕ್ಕುವುದು. ಆದರೂ ತೀರ ಬರಿದಾದದ್ದು ಅಷ್ಟರಲ್ಲಿ ತುಂಬದು. ಮಿಸ್ತ್ರಿಯಲ್ಲಿ ಒಂದು ರಾತ್ರಿ ಚಾರ್ಜಿಗಿಟ್ಟು ಪರೀಕ್ಷೆ ಮಾಡಿಸುವುದೇ ಲೇಸು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು; ನಮ್ಮ ಸೀಮೆಯ ಕೊಳವೆಬಾವಿಯ ಸವುಳು ನೀರು ಫಲಕಗಳಿಗೆ ವಿಷ.

ಆಯುಷ್ಯ ತೀರಿದ ಬ್ಯಾಟರಿಯನ್ನು ಹಿತ್ತಿಲಲ್ಲಿ ಎಸೆಯುವುದೂ, ಸೀಸದ ಆಸೆಗೆ ಮನೆಯಲ್ಲಿ ಒಡೆಯುವುದೂ ಬೇಡ. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿಗೆ ತಟ್ಟುವುದು, ಆಮ್ಲವು ನೆಲಕ್ಕಿಳಿಯುವುದು. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಕಟ್ಟಳೆಯು 2001ರಿಂದಲೇ ಉಂಟು. 2022ರ ನಿಯಮಗಳು ಆ ಹೊಣೆಯನ್ನು ತಯಾರಕರ ಮೇಲೆ ಇನ್ನೂ ಬಿಗಿಯಾಗಿ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಯವನಿಗೇ ಒಪ್ಪಿಸಿದರೆ ಬೆಲೆಯಲ್ಲಿ ಅಷ್ಟಿಷ್ಟು ಇಳಿಸಿಯೂ ಕೊಡುವನು. ಕೇಳಿ ಪಡೆಯಿರಿ.